ಸಸಿ ಮಡಿ ಮತ್ತು ಕ್ಯಾಂಪಿನ ಹುಡುಗಿ

ಮೊನ್ನೆ ರಜೆಗೆ ಬಂದಾಗ ನೀವಿಬ್ಬರು ಮೊಮ್ಮಕ್ಕಳೂ ಇಂಗ್ಲಿಷಿನಲ್ಲಿ ಜಗಳವಾಡಿ, ನನ್ನ ಹತ್ತಿರ ಬಂದು ಕನ್ನಡದಲ್ಲಿ ಚಾಡಿ ಹೇಳಿದಿರಿ. ಆಮೇಲೆ ಮೂಲೆಯ ಅಂಗಡಿಗೆ ಹೋಗಿ ತೆಲುಗಿನಲ್ಲಿ ಪೆಪ್ಪರಮೆಂಟು ಕೇಳಿದಿರಿ. ಯಾರಿಗೂ ಅದರಲ್ಲಿ ವಿಶೇಷ ಕಾಣಲಿಲ್ಲ. ಒಲೆಯ ಮುಂದೆ ಕುಳಿತಿದ್ದ ನನಗೆ ಮಾತ್ರ ಹಳೆಯದೆಲ್ಲ ನೆನಪಾಯಿತು. ಇದೇ ಸಂಗತಿಗೆ ಒಂದು ಕಾಲದಲ್ಲಿ ನಮ್ಮೂರಿನ ಶಾಲೆಯ ಅಂಗಳದಲ್ಲಿ ದೊಡ್ಡ ಗದ್ದಲವಾಗಿತ್ತು. ಆ ಗದ್ದಲದಲ್ಲಿ ನನ್ನದೂ ಒಂದು ಮಾತು ಇತ್ತು. ಎದುರು ಕೂತು ಹೇಳಲು ನನಗೆ ಈಗಲೂ ಸಂಕೋಚ, ಅದಕ್ಕೇ ಬರೆಯುತ್ತಿದ್ದೇನೆ. ಓದಿ ನಗುವುದಾದರೆ ನಗಿರಿ, ನಾನು ಎದುರಿಗೆ ಇರುವುದಿಲ್ಲವಲ್ಲ.

ನನ್ನ ತವರು ಮುದಗಲ್ ಹತ್ತಿರದ ಹಳ್ಳಿ. ಒಣಭೂಮಿ. ಮಳೆ ಬಿದ್ದರೆ ಸಜ್ಜೆ, ಜೋಳ. ನಾನು ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದೆ. ಮುಂದೆ ಓದಬೇಕಾದರೆ ಲಿಂಗಸೂಗೂರಿಗೆ ಬಸ್ಸಿನಲ್ಲಿ ಹೋಗಬೇಕಿತ್ತು, ಹೆಣ್ಣುಮಗಳನ್ನು ಕಳಿಸಲಿಲ್ಲ. ನನ್ನ ಅಪ್ಪ ಓದಿದ್ದು ನಿಜಾಮನ ಕಾಲದಲ್ಲಿ, ಉರ್ದು ಶಾಲೆಯಲ್ಲಿ. ಮನೆಯಲ್ಲಿ ಕನ್ನಡ ಬಿಟ್ಟರೆ ಬೇರೆ ಮಾತಿಲ್ಲ, ಶಾಲೆಯಲ್ಲಿ ಉರ್ದು ಬಿಟ್ಟರೆ ಬೇರೆ ಮಾತಿಲ್ಲ. "ಎರಡು ವರ್ಷ ಮಾಸ್ತರ ಬಾಯಿ ನೋಡ್ಕೋತ ಕುಂತೆ. ಏನ್ ಹೇಳಾಕತ್ತಾನ ತಿಳೀಲಿಲ್ಲ. ಛಡಿ ಏಟು ಮಾತ್ರ ಚಲೋ ತಿಳೀತಿತ್ತು" ಎಂದು ಹೇಳಿ ನಗುತ್ತಿದ್ದ. ಆಮೇಲೆ ಆತ ಉರ್ದುವನ್ನು ಬಹಳ ಚೆನ್ನಾಗಿ ಕಲಿತ. ಆದರೂ ಆ ಎರಡು ವರ್ಷದ ಮಾತು ಬಂದಾಗ ಅವನ ನಗು ಪೂರ್ತಿ ನಗುವಾಗಿರುತ್ತಿರಲಿಲ್ಲ. ನಾನು ಸಣ್ಣವಳಿದ್ದರೂ ಅದು ನನಗೆ ಕಾಣುತ್ತಿತ್ತು.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ನನ್ನನ್ನು ಸಿಂಧನೂರು ತಾಲ್ಲೂಕಿಗೆ, ಕಾಲುವೆಯ ಕೆಳಗಿನ ಈ ಊರಿಗೆ ಕೊಟ್ಟರು. ಒಣಭೂಮಿಯವಳು ನೀರಿಗೆ ಬಂದೆ. ಹೊಸದಾಗಿ ಬಂದ ವರ್ಷ ಅತ್ತೆಗೆ ಬುತ್ತಿ ಒಯ್ದಾಗ ಗದ್ದೆಯ ಮೂಲೆಯಲ್ಲಿ ಹಸಿರು ಹಾಸಿದಂತೆ ಎಳೆಯ ಪೈರು ಬೆಳೆದಿತ್ತು. ನಾಲ್ಕೈದು ಹೆಂಗಸರು ಬಗ್ಗಿ ಅದನ್ನು ಬೇರು ಸಮೇತ ಕೀಳುತ್ತಿದ್ದರು. ನಮ್ಮ ಕಡೆ ಕೂರಿಗೆಯಲ್ಲಿ ಬೀಜ ಬಿಟ್ಟರೆ ಅದು ಬಿದ್ದಲ್ಲೇ ಬೆಳೆಯಬೇಕು, ಪೈರಿಗೆ ಕೈ ಹಚ್ಚುವುದೆಂದರೆ ಕಳವು. ನಾನು ಬುತ್ತಿಯನ್ನು ಬದುವಿನ ಮೇಲೆ ಇಟ್ಟು ಓಡಿಹೋಗಿ ಅತ್ತೆಯ ಸೆರಗು ಹಿಡಿದು, "ಯತ್ತಿ, ಯಾರೋ ನಮ್ಮ ಬೆಳಿ ಕೀಳಾಕತ್ತಾರ" ಎಂದೆ.

ಅತ್ತೆ ಒಂದು ಗಳಿಗೆ ನನ್ನ ಮುಖ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. "ಏ, ಕೇಳ್ರಿಲ್ಲೆ. ಮುದಗಲ್ಲದಾಕಿ ಕಳ್ಳರನ್ನ ಹಿಡದಾಳ" ಎಂದು ಎಲ್ಲರಿಗೂ ಕೂಗಿ ಹೇಳಿದರು. ಆಮೇಲೆ ತಿಳಿಸಿ ಹೇಳಿದರು. ಭತ್ತದ, ಇಲ್ಲಿಯವರ ಬಾಯಲ್ಲಿ ನೆಲ್ಲಿನ, ಬೀಜವನ್ನು ನೇರವಾಗಿ ದೊಡ್ಡ ಗದ್ದೆಗೆ ಹಾಕುವುದಿಲ್ಲ. ಮೊದಲು ಸಣ್ಣ ಮಡಿಯಲ್ಲಿ ಒತ್ತಾಗಿ ಬೆಳೆಸಿ, ಅದು ಗೇಣುದ್ದ ಆದ ಮೇಲೆ ಕಿತ್ತು, ದೊಡ್ಡ ಗದ್ದೆಯಲ್ಲಿ ಸಾಲಾಗಿ ನಾಟಿ ಮಾಡುತ್ತಾರೆ. ಆ ಸಣ್ಣ ಜಾಗವೇ ಸಸಿ ಮಡಿ. ಅಲ್ಲಿಂದ ಮುಂದೆ ಎಷ್ಟೋ ವರ್ಷ ನಾಟಿ ಶುರುವಾದಾಗಲೆಲ್ಲ ಯಾರಾದರೊಬ್ಬರು, "ಮುದಗಲ್ಲದಾಕಿನ್ನ ಕೇಳಿ ಕೀಳ್ರವ್ವ" ಎಂದು ಚಾಷ್ಟಿ ಮಾಡುತ್ತಿದ್ದರು.

ಈ ನಾಟಿಯ ಕೆಲಸ ನಮ್ಮೂರಿನವರಿಗೂ ಮೊದಲು ಬರುತ್ತಿರಲಿಲ್ಲವಂತೆ. ಕಾಲುವೆ ಬಂದ ಮೇಲೆ ಆಂಧ್ರದಿಂದ ರೈತರು ಬಂದು, ಭೂಮಿ ಕೊಂಡು, ಊರಿನಿಂದ ಅಷ್ಟು ದೂರದಲ್ಲಿ ಮನೆ ಕಟ್ಟಿಕೊಂಡು ನೆಲೆಸಿದರು. ಅದನ್ನು ಎಲ್ಲರೂ ಕ್ಯಾಂಪು ಎನ್ನುತ್ತಿದ್ದರು, ಈಗಲೂ ಹಾಗೇ ಕರೆಯುತ್ತೇವೆ. ಅವರೇ ನಮ್ಮವರಿಗೆ ನಾಟಿ ಕಲಿಸಿದ್ದು. ನಾಟಿಯ ಹೊತ್ತಿನಲ್ಲಿ ಊರಿನ ಹೆಂಗಸರು, ಕ್ಯಾಂಪಿನ ಹೆಂಗಸರು ಸಾಲು ನೇರ ಬರಲೆಂದು ಎಳೆದು ಕಟ್ಟಿದ ಒಂದೇ ಹಗ್ಗದ ಹಿಂದೆ ಸಾಲಾಗಿ ಬಗ್ಗಿ ನಡೆಯುತ್ತಿದ್ದೆವು. ಅವರಲ್ಲಿ ಒಬ್ಬ ಮುದುಕಿ ಇದ್ದಳು. ಅವಳ ಸಾಲು ದಾರ ಹಿಡಿದಂತೆ ನೇರ. ಕನ್ನಡದ ಒಂದು ಮಾತೂ ಅವಳಿಗೆ ಬರುತ್ತಿರಲಿಲ್ಲ, ಬೇಕೆಂದೂ ಅವಳಿಗೆ ಅನಿಸಿರಲಿಲ್ಲ. ನನ್ನ ಸಾಲು ಸೊಟ್ಟಗಾದಾಗ ತೆಲುಗಿನಲ್ಲಿ ಬೈಯುತ್ತಿದ್ದಳು. ಏನು ಬೈದಳೆಂದು ತಿಳಿಯುವ ಹಟಕ್ಕೇ ನಾನು ತೆಲುಗು ಕಲಿತೆ ಎಂದರೂ ಸುಳ್ಳಲ್ಲ. ಕನ್ನಡದವರ ಮುಂದೆ ಬಾಯಿ ಬಿಡಲು ನಾಚುತ್ತಿದ್ದ ನಾನು ಕೆಸರಿನಲ್ಲಿ ಬಗ್ಗಿ ನಿಂತಾಗ ತೆಲುಗು ಮಾತಾಡುತ್ತಿದ್ದೆ. ತಲೆ ಕೆಳಗೆ ಇರುತ್ತಿದ್ದುದರಿಂದ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ.

ನಿಮ್ಮ ಅವ್ವ ಹುಟ್ಟಿ, ಬೆಳೆದು, ಶಾಲೆಗೆ ಹೋಗುವಷ್ಟಾದಳು. ಶಾಲೆ ಇದ್ದದ್ದು ಊರಿಗೂ ಕ್ಯಾಂಪಿಗೂ ನಡುವೆ, ಗದ್ದೆಗಳ ಪಕ್ಕದಲ್ಲಿ. ಒಂದೇ ದೊಡ್ಡ ಕೋಣೆ, ಅಂಗಳದಲ್ಲಿ ಒಂದು ಬೇವಿನ ಮರ. ಕಲಿಸುವವರು ಮಸ್ಕಿಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದ ಅಕ್ಕೋರು. ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳನ್ನು ಹಾಗೇ ಕರೆಯುವುದು. ಇನ್ನೂ ಮದುವೆಯಾಗದ ವಯಸ್ಸು, ಒಳ್ಳೆಯ ಮನಸ್ಸು, ಆದರೆ ತೆಲುಗಿನ ಗಂಧವಿರಲಿಲ್ಲ. ತರಗತಿಯ ಅರ್ಧದಷ್ಟು ಮಕ್ಕಳು ಕ್ಯಾಂಪಿನವರು.

ನಿಮ್ಮ ಅವ್ವನಿಗೆ ಕ್ಯಾಂಪಿನ ಒಬ್ಬಳು ಜೀವದ ಗೆಳತಿ ಇದ್ದಳು. ನಾನು ಹೇಳಿದ ಆ ನೇರ ಸಾಲಿನ ಮುದುಕಿಯ ಮೊಮ್ಮಗಳು. ನಿಮ್ಮ ಅವ್ವ ಒಂದನೆಯ ಇಯತ್ತೆಗೆ ಸೇರಿದಾಗ ಈ ಹುಡುಗಿ ಅದೇ ಇಯತ್ತೆಯಲ್ಲಿ ಎರಡನೆಯ ವರ್ಷ ಕುಳಿತಿದ್ದಳು. ಶಾಲೆಯಲ್ಲಿ ಬಾಯಿ ಬಿಡುವುದಿಲ್ಲ ಎಂದು ಹಿಂದಕ್ಕೆ ಉಳಿಸಿದ್ದರು. ಮಕ್ಕಳು ಅವಳಿಗೆ ಮೂಕಿ ಎಂದು ಹೆಸರಿಟ್ಟಿದ್ದರು. ಅವಳ ಅಪ್ಪನಿಗೆ ಅದೊಂದು ಅವಮಾನ. "ಸಂಕ್ರಾಂತಿತನ ನೋಡ್ತೀನ್ರಿ. ಆಮ್ಯಾಲೆ ಎಮ್ಮಿ ಕಾಯ್ಲಿ. ಬುದ್ಧಿ ಇಲ್ಲದ ಕೂಸಿಗೆ ಸಾಲಿ ಯಾಕ?" ಎಂದು ನಿಮ್ಮ ತಾತನ ಮುಂದೆ ಹೇಳಿದ್ದ. ಅವನಿಗೆ ವ್ಯವಹಾರಕ್ಕೆ ಬೇಕಾದಷ್ಟು ಕನ್ನಡ ಬರುತ್ತಿತ್ತು.

ನಿಮ್ಮ ಅವ್ವ ಅದನ್ನು ಕೇಳಿಸಿಕೊಂಡು ಅಡುಗೆಮನೆಗೆ ಬಂದಳು. "ಅವ್ವಾ, ಆಕಿ ಮೂಕಿ ಅಲ್ಲ. ಕಾಲುವಿ ದಂಡಿಗೆ ಎಷ್ಟು ಮಾತಾಡ್ತಾಳ ಗೊತ್ತೈತೇನು? ನನಗ ಮಾತಾಡಾಕ ಬಿಡಂಗಿಲ್ಲ."

ನನಗೆ ಗೊತ್ತಿತ್ತು. ಆ ಹುಡುಗಿ ಅಜ್ಜಿಯ ಹಿಂದೆ ಗದ್ದೆಗೆ ಬಂದು ಬದುವಿನ ಮೇಲೆ ಕುಳಿತರೆ, ನಾವು ಬುತ್ತಿ ಬಿಚ್ಚಿ ಉಂಡು ಮುಗಿಸುವವರೆಗೂ ಅವಳ ಕಥೆ ಮುಗಿಯುತ್ತಿರಲಿಲ್ಲ. ಅಂಥವಳಿಗೆ ಬುದ್ಧಿ ಇಲ್ಲ ಎನ್ನುವುದು ಹೇಗೆ? ಅಪ್ಪ ಮಾಸ್ತರ ಬಾಯಿ ನೋಡುತ್ತ ಕುಳಿತ ಎರಡು ವರ್ಷ ನನಗೆ ನೆನಪಾಯಿತು. ಆದರೆ ಯಾರಿಗೆ ಹೇಳುವುದು, ಹೇಗೆ ಹೇಳುವುದು? ನಾನು ರೊಟ್ಟಿಯ ಹಿಟ್ಟು ನಾದಲು ಶುರು ಮಾಡಿದೆ.

ಒಂದು ದಿನ ನಿಮ್ಮ ಅವ್ವ ಪಾಟಿಯನ್ನು ಮನೆಯಲ್ಲೇ ಬಿಟ್ಟು ಹೋಗಿದ್ದಳು. ಕೊಟ್ಟು ಬರಲು ಹೋದೆ. ಒಳಗೆ ಹೋಗಲು ಸಂಕೋಚವಾಗಿ ಬಾಗಿಲ ಮರೆಗೆ ನಿಂತೆ. ಅಕ್ಕೋರು ಆ ಹುಡುಗಿಯನ್ನೇ ಎಬ್ಬಿಸಿ ನಿಲ್ಲಿಸಿ, "ಮಳೆ ಎಲ್ಲಿಂದ ಬರುತ್ತದೆ?" ಎಂದು ಕೇಳುತ್ತಿದ್ದರು. ಹುಡುಗಿ ನೆಲ ನೋಡುತ್ತಿದ್ದಳು. ಅಕ್ಕೋರು ಇನ್ನೊಮ್ಮೆ ಕೇಳಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ನನಗೆ ಏನಾಯಿತೋ, ಬಾಗಿಲ ಮರೆಯಿಂದಲೇ, "ವಾನ ಎಕ್ಕಡಿ ನುಂಚಿ ವಸ್ತುಂದಿ?" ಎಂದು ಅದನ್ನೇ ತೆಲುಗಿನಲ್ಲಿ ಕೇಳಿಬಿಟ್ಟೆ. ಗದ್ದೆಯಲ್ಲಿ ಮಾತಾಡುವ ಹಾಗೆ ಬಾಯಿಂದ ಬಂದುಬಿಟ್ಟಿತು.

ಹುಡುಗಿ ತಲೆ ಎತ್ತಿದಳು. ಆಮೇಲೆ ಅವಳನ್ನು ಹಿಡಿಯುವವರು ಯಾರು? ಗಟ್ಟಿಯಾಗಿ, ಕೈ ತಿರುಗಿಸುತ್ತ, ತೆಲುಗಿನಲ್ಲಿ ಹೇಳುತ್ತಲೇ ಹೋದಳು. ಇಡೀ ಶಾಲೆ ಅವಳನ್ನೇ ನೋಡುತ್ತಿತ್ತು. ಅಕ್ಕೋರು ಬಾಗಿಲಿಗೆ ಬಂದು ನನ್ನನ್ನು ಕಂಡು, "ಆಕಿ ಏನಂದ್ಲು ರೀ?" ಎಂದರು.

ನಾನು ಸೆರಗು ಸರಿಮಾಡಿಕೊಂಡು, ಅವರ ಮುಖ ನೋಡದೆ ಹೇಳಿದೆ. "ಮಳಿ ನಮ್ಮೂರಿಗೆ ಬರಂಗಿಲ್ಲಂತ ರೀ. ಅದು ಎಲ್ಲೋ ದೂರ ಗುಡ್ಡದಾಗ ಬೀಳತೈತಂತ. ಅಲ್ಲಿಂದ ಡ್ಯಾಮಿಗೆ ಬಂದು, ಡ್ಯಾಮಿನಿಂದ ಕಾಲುವಿಗೆ ಬಂದು, ನಡಕೋತ ಕ್ಯಾಂಪಿಗೆ ಬರತೈತಂತ. ಬರೂದು ತಡ ಆದ್ರ ಅವರಪ್ಪ ಸಿಟ್ಟಾಗ್ತಾನಂತ."

ಅಕ್ಕೋರು ಕೈಯಲ್ಲಿದ್ದ ಪುಸ್ತಕ ಮುಚ್ಚಿದರು. ಪುಸ್ತಕದಲ್ಲಿ ಇದ್ದ ಉತ್ತರ, ಮಳೆ ಮೋಡದಿಂದ ಬರುತ್ತದೆ ಎಂದಷ್ಟೇ. ಆಮೇಲೆ, "ವರ್ಷದ ಮ್ಯಾಲಾತ್ರಿ, ಈ ಕೂಸಿನ ದನಿ ನಾ ಇವತ್ತ ಕೇಳಿದೆ" ಎಂದರು. ಪಾಟಿ ಕೊಟ್ಟು ಹೊರಟವಳನ್ನು ತಡೆದು, "ನಾಳೆ ಬರ್ರಿ. ಇದೇ ಹೊತ್ತಿಗೆ. ಒಂದು ತಾಸು ಸಾಕು" ಎಂದರು.

ಮನೆಯಲ್ಲಿ ಹೇಳಲು ಹೆದರಿದೆ. ನಿಮ್ಮ ತಾತ ಎಮ್ಮೆಗೆ ಮೇವು ಹಾಕುತ್ತಿದ್ದರು. "ಹೋಗು. ಹಗಲು ಹೊತ್ತು ಸಾಲಿಗೆ ಹೋಗೋದ್ರಾಗ ಏನೈತಿ?" ಎಂದಷ್ಟೇ ಅಂದರು. ಅವರು ಮಾತು ಕಡಿಮೆ, ಆದರೆ ಒಮ್ಮೆ ಹೂಂ ಅಂದರೆ ಮುಗಿಯಿತು. ಅತ್ತೆ ಮಾತ್ರ ಬಿಡಲಿಲ್ಲ. "ಏಳನೇತ್ತ ಓದಿ ಈಗ ಒಂದನೇತ್ತ ಸೇರಾಕತ್ತಾಳ ನನ್ನ ಸೊಸಿ. ಮುಂದಿನ ವರ್ಷ ಬಾಲವಾಡಿಗೆ ಹೋಗ್ತಾಳ" ಎಂದು ಓಣಿಯಲ್ಲೆಲ್ಲ ಹೇಳಿ ನಗಿಸಿದರು. ಆದರೆ ನಾನು ಹೊರಡುವ ಹೊತ್ತಿಗೆ ರೊಟ್ಟಿಯ ಹಂಚನ್ನು ತಾವೇ ಒಲೆಯ ಮೇಲೆ ಇಡುತ್ತಿದ್ದರು.

ನಾವು ಮಾಡುತ್ತಿದ್ದುದು ದೊಡ್ಡ ವಿದ್ಯೆ ಏನಲ್ಲ. ಅಕ್ಕೋರು ಒಂದು ಮಾತನ್ನು ಕನ್ನಡದಲ್ಲಿ ಹೇಳುವರು, ನಾನು ಅದನ್ನು ತೆಲುಗಿನಲ್ಲಿ ಹೇಳುವೆ. ಕ್ಯಾಂಪಿನ ಮಕ್ಕಳು ತೆಲುಗಿನಲ್ಲಿ ಉತ್ತರ ಕೊಡುವರು, ನಾನು ಅದನ್ನು ಕನ್ನಡದಲ್ಲಿ ಹೇಳುವೆ, ಆಮೇಲೆ ಎಲ್ಲ ಮಕ್ಕಳೂ ಅದನ್ನು ಕನ್ನಡದಲ್ಲಿ ಒಟ್ಟಿಗೆ ಹೇಳುವರು. ಅಕ್ಷರ ಕನ್ನಡದ್ದೇ. ಲೆಕ್ಕದ ಅರ್ಥ ಮಾತ್ರ ಮೊದಲು ಅವರ ಮನೆಯ ಮಾತಿನಲ್ಲಿ. ಕೆಲವು ತಿಂಗಳಲ್ಲಿ ನಾನು ಬಾಯಿ ತೆರೆಯುವ ಮೊದಲೇ ಮಕ್ಕಳು ಒಬ್ಬರಿಗೊಬ್ಬರು ಹೇಳಿಕೊಡತೊಡಗಿದರು. ನಮ್ಮ ಊರಿನ ಮಕ್ಕಳು ತೆಲುಗಿನಲ್ಲಿ ಎಣಿಸುವುದನ್ನು ಕಲಿತರು. ಆ ಹುಡುಗಿಗೆ ಪಾಠವೆಲ್ಲ ತಿಳಿಯುತ್ತಿತ್ತು, ಓದಲು ಬರುತ್ತಿತ್ತು. ಆದರೆ ಉತ್ತರವನ್ನು ತೆಲುಗಿನಲ್ಲೇ ಕೊಡುತ್ತಿದ್ದಳು. ಕನ್ನಡದಲ್ಲಿ ಒಬ್ಬಳೇ ನಿಂತು ಮಾತಾಡು ಎಂದರೆ ಮತ್ತೆ ನೆಲ ನೋಡುತ್ತಿದ್ದಳು. ನಾಚಿಕೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಾನು ಒತ್ತಾಯಿಸಲಿಲ್ಲ.

ಸುದ್ದಿ ಹರಡಿತು. ಹೇಗೆ ಹರಡಿತೆಂದರೆ, ನಮ್ಮೂರಿನಲ್ಲಿ ಒಂದು ತರ, ಕ್ಯಾಂಪಿನಲ್ಲಿ ಇನ್ನೊಂದು ತರ. ಊರಿನವರು, "ಸಾಲ್ಯಾಗ ತೆಲುಗು ಕಲಸಾಕತ್ತಾರಂತ, ನಮ್ಮ ಮಕ್ಕಳ ಕನ್ನಡ ಕೆಡತೈತಿ" ಎಂದರು. ಕ್ಯಾಂಪಿನವರು, "ಕನ್ನಡ ಕಲೀಲಿ ಅಂತ ಕಳಿಸಿದ್ರ ತೆಲುಗು ಹೇಳಿಕೊಡ್ತಾರ, ಅದು ನಮ್ಮ ಮನ್ಯಾಗಿಲ್ಲೇನು" ಎಂದರು. ಎರಡು ಕಡೆಯವರಿಗೂ ಸಿಟ್ಟು, ಎರಡು ಕಡೆಯವರ ಕಾರಣ ಒಂದಕ್ಕೊಂದು ವಿರುದ್ಧ. ವಳಕಮದಿನ್ನಿಯಿಂದ ಬಂದ ಬೀಗರು ಕೂಡ, ನಿಮ್ಮೂರಿನ ಶಾಲೆಯನ್ನು ತೆಲುಗು ಶಾಲೆ ಮಾಡಿದರಂತೆ, ಹೌದೇ ಎಂದು ಕೇಳಿದರು. ಒಂದು ಮಗು ಎರಡು ಮಾತನ್ನು ಒಟ್ಟಿಗೆ ಕಲಿತರೆ ಎರಡೂ ಅರ್ಧಂಬರ್ಧ ಆಗುತ್ತವೆ ಎಂದು ಎಲ್ಲರೂ ನಂಬಿದ್ದರು. ಓದಿದವರೂ ಹಾಗೇ ಹೇಳುತ್ತಿದ್ದರು.

ಸಂಕ್ರಾಂತಿ ಹತ್ತಿರ ಬಂತು. ಹುಡುಗಿಯ ಅಪ್ಪ ಶಾಲೆಗೆ ಬಂದು, ಹಬ್ಬದ ಮೇಲೆ ಮಗಳನ್ನು ಕಳಿಸುವುದಿಲ್ಲ ಎಂದು ಅಕ್ಕೋರಿಗೆ ಹೇಳಿ ಹೋದ. ಅಕ್ಕೋರು ಮರುದಿನ ನನ್ನ ಎದುರು ಕಣ್ಣೊರೆಸಿಕೊಂಡರು. ಆಮೇಲೆ ಊರಿನವರನ್ನೂ ಕ್ಯಾಂಪಿನವರನ್ನೂ ಒಂದು ಸಂಜೆ ಶಾಲೆಯ ಅಂಗಳಕ್ಕೆ ಕರೆಸಿದರು.

ಬೇವಿನ ಮರದ ಕೆಳಗೆ ಒಂದು ಕಡೆ ಊರಿನ ಗಂಡಸರು, ಇನ್ನೊಂದು ಕಡೆ ಕ್ಯಾಂಪಿನ ಗಂಡಸರು ಕುಳಿತರು. ಗೋಡೆಯ ಹತ್ತಿರ ಹೆಂಗಸರು. ಆ ಮುದುಕಿಯೂ ಬಂದಿದ್ದಳು, ಮೊಮ್ಮಗಳನ್ನು ಮೊಣಕಾಲ ನಡುವೆ ಕೂರಿಸಿಕೊಂಡಿದ್ದಳು. ಹುಡುಗಿಗೆ ಎಲ್ಲ ಗೊತ್ತಿತ್ತು. ತನ್ನ ಪಾಟಿಯನ್ನು ಎದೆಗೆ ಅವಚಿಕೊಂಡೇ ಬಂದಿದ್ದಳು.

ಅಕ್ಕೋರು ಪುಸ್ತಕದ ಕನ್ನಡದಲ್ಲಿ ಏನೇನೋ ಹೇಳಿದರು, ಯಾರೂ ಪೂರ್ತಿ ಕೇಳಲಿಲ್ಲ. ಊರಿನ ಗೊಬ್ಬರದ ಅಂಗಡಿಯ ಸಾಹುಕಾರ ಎದ್ದು ನಿಂತ. "ಅಕ್ಕೋರ, ನೀವು ಸಣ್ಣೋರು, ತಿಳುವಳಿಕಿ ಕಡಿಮಿ. ಕೂಸಿನ ತಲಿ ಸಣ್ಣದು. ಒಂದು ಚೀಲದಾಗ ಎರಡು ಚೀಲದ ಮಾಲು ಹಿಡೀತೈತೇನ್ರಿ?"

ಹುಡುಗಿಯ ಅಪ್ಪ ತಲೆಯಾಡಿಸಿದ. "ಹೌದ್ರಿ. ತೆಲುಗು ನಾವು ಮನ್ಯಾಗ ಕೊಡ್ತೀವಿ. ನೀವು ಕನ್ನಡ ಕೊಡ್ರಿ. ಕೊಡಾಕ ಆಗ್ಲಿಲ್ಲಂದ್ರ ನನ್ನ ಮಗಳು ಮನಿಗೆ ಬರ್ತಾಳ."

ಅಕ್ಕೋರು ನನ್ನ ಕಡೆ ನೋಡಿದರು. ನಮ್ಮಲ್ಲಿ ಹಿರಿಯರ ಮುಂದೆ ಸೊಸೆ ನೇರವಾಗಿ ಮಾತಾಡುವ ಪದ್ಧತಿ ಇರಲಿಲ್ಲ. ಹೇಳಲೇಬೇಕಾದರೆ ಅತ್ತೆಯ ಬೆನ್ನಿಗೆ ನಿಂತು ಮೆಲ್ಲಗೆ ಹೇಳಬೇಕು, ಅತ್ತೆ ಅದನ್ನು ಸಭೆಗೆ ಹೇಳುತ್ತಾರೆ. ನಾನು ಅತ್ತೆಯ ಬೆನ್ನಿಗೆ ಹೋಗಿ ನಿಂತೆ. ಅಂಗಳದ ಆಚೆ ಎರಡನೆಯ ಬೆಳೆಗೆ ಹಾಕಿದ ಸಸಿ ಮಡಿ ಸಂಜೆಯ ಬಿಸಿಲಿನಲ್ಲಿ ಹಸಿರಾಗಿ ಕಾಣುತ್ತಿತ್ತು. ಅದನ್ನು ನೋಡುತ್ತಿದ್ದಂತೆ ನನಗೆ ಮಾತು ಸಿಕ್ಕಿತು. ಅತ್ತೆಯ ಕಿವಿಯಲ್ಲಿ ಹೇಳಿದೆ. "ಯತ್ತಿ, ನೆಲ್ಲಿನ ಬೀಜ ದೊಡ್ಡ ಗದ್ದಿಗೆ ಯಾಕ ಚೆಲ್ಲಂಗಿಲ್ಲ, ಮೊದಲು ಮಡ್ಯಾಗ ಯಾಕ ಬೆಳಸ್ತೀವಿ, ಅದನ್ನ ಕೇಳ್ರಿ ಅವರಿಗೆ. ಮನೀ ಮಾತು ಮಡಿ ಇದ್ದಂಗ. ಸಾಲಿ ಮಾತು ದೊಡ್ಡ ಗದ್ದಿ. ಮಡ್ಯಾಗ ಬೇರು ಹಿಡಿದ ಸಸಿನೇ ಗದ್ದ್ಯಾಗ ನಿಲ್ಲತೈತಿ."

ಅತ್ತೆ ಗಂಟಲು ಸರಿಮಾಡಿಕೊಂಡು ಎದ್ದರು.

"ನನ್ನ ಸೊಸಿ ಒಂದು ಮಾತು ಹೇಳಾಕತ್ತಾಳ, ಕೇಳ್ರಿ. ಈಕಿ ಮುದಗಲ್ಲದಾಕಿ. ಮದುವ್ಯಾಗಿ ಬಂದಾಗ ಮಡ್ಯಾಗಿನ ಸಸಿ ಕೀಳೋದು ನೋಡಿ ಕಳ್ಳರು ಬಂದಾರಂತ ಬೊಬ್ಬಿ ಹೊಡದಾಕಿ. ಅಂಥಾ ದಡ್ಡಿಗೆ ಈಗ ತಿಳದೈತಿ, ನಿಮಗ ತಿಳಿದಿಲ್ಲ."

ಎಲ್ಲರೂ ನಕ್ಕರು. ನನಗೆ ನೆಲ ಬಿರಿದರೆ ಒಳಗೆ ಹೋಗುವಂತಾಯಿತು. ಅತ್ತೆ ಮುಂದುವರಿಸಿದರು. ನನ್ನ ಮಾತನ್ನು ಪೂರ್ತಿ ಹೇಳಿದರು, ಅದಕ್ಕೆ ತಮ್ಮದನ್ನೂ ಸೇರಿಸಿದರು. "ಕ್ಯಾಂಪಿನೋರ, ನೆಲ್ಲು ಹಚ್ಚೋದು ನಮಗ ಕಲಿಸಿದೋರು ನೀವು. ನೆಲ್ಲಿಗೆ ಮಡಿ ಬೇಕು, ಕೂಸಿಗೆ ಬ್ಯಾಡೇನು? ಏ ಸಾವ್ಕಾರ, ನೀ ಗೊಬ್ಬರ ಮಾರೂವಾಗ ತೆಲುಗು ಮಾತಾಡ್ತಿ, ಸಿಂಧನೂರಿಂದ ಗಿರಾಕಿ ಬಂದ್ರ ಉರ್ದು ಮಾತಾಡ್ತಿ. ಎಷ್ಟು ಚೀಲ ಹರದಾವು ನಿನ್ನ ತಲ್ಯಾಗ? ನನ್ನ ಮೊಮ್ಮಗಳು ತೆಲುಗು ಕಲ್ತಾಳ. ನನಗ ಎದುರು ಮಾತಾಡೋದು ಕನ್ನಡದಾಗ ಏನೂ ಕಡಿಮಿ ಆಗಿಲ್ಲ."

ಸಾಹುಕಾರ ಟೋಪಿ ತೆಗೆದು ತಲೆ ಕೆರೆದುಕೊಂಡು ಕುಳಿತ. ಅಷ್ಟರಲ್ಲಿ ಗೋಡೆಯ ಹತ್ತಿರದಿಂದ ಮುದುಕಿಯ ದನಿ ಕೇಳಿತು. ಜನ ಯಾಕೆ ನಗುತ್ತಿದ್ದಾರೆಂದು ಅವಳಿಗೆ ತಿಳಿದಿರಲಿಲ್ಲ. ಮೊಮ್ಮಗಳ ಭುಜ ಅಲ್ಲಾಡಿಸಿ, "ಏಮಂಟುಂದಿ? ಚೆಪ್ಪವೇ" ಎಂದಳು. ಏನಂತಾಳೆ, ಹೇಳೇ, ಎಂದು.

ನಾನು ಹೇಳಲು ಬಾಯಿ ತೆರೆದೆ. ಅಕ್ಕೋರು ಕೈ ಸನ್ನೆಯಿಂದ ನನ್ನನ್ನು ತಡೆದರು.

ಹುಡುಗಿ ಅಜ್ಜಿಯ ಮುಖ ನೋಡಿದಳು. ಮೆಲ್ಲಗೆ ಶುರು ಮಾಡಿದಳು. ಮುದುಕಿಗೆ ಕಿವಿ ಮಂದ, ಗಟ್ಟಿಯಾಗಿ ಹೇಳು ಎಂದಳು. ಹುಡುಗಿ ಗಟ್ಟಿಯಾಗಿ ಹೇಳಿದಳು. ನಮ್ಮ ಅತ್ತೆ ಆಡಿದ ಒಂದೊಂದು ಮಾತನ್ನೂ ತೆಲುಗಿಗೆ ತಿರುಗಿಸಿದಳು. ಮಡಿ, ಗದ್ದೆ, ಬೇರು, ಕಳ್ಳರು, ಸಾಹುಕಾರನ ಹರಿದ ಚೀಲ, ಯಾವುದನ್ನೂ ಬಿಡಲಿಲ್ಲ. ಅತ್ತೆ ಕೈ ತಿರುಗಿಸಿದ ಕಡೆ ತಾನೂ ಕೈ ತಿರುಗಿಸಿದಳು. ಕ್ಯಾಂಪಿನ ಗಂಡಸರು ಒಮ್ಮೆ ನಕ್ಕವರು ಮತ್ತೊಮ್ಮೆ ನಕ್ಕರು.

ಮುದುಕಿ ನಗಲಿಲ್ಲ. ಅವಳು ಕೆಲಸದ ಹೆಂಗಸು, ಮಾತನ್ನು ಸಸಿಯ ಹಾಗೆ ಹಿಡಿದು ಬೇರು ನೋಡುವವಳು. ಸ್ವಲ್ಪ ಯೋಚಿಸಿ ತೆಲುಗಿನಲ್ಲಿ ಏನೋ ಹೇಳಿ, ನಮ್ಮ ಅತ್ತೆಯ ಕಡೆ ಬೆರಳು ತೋರಿಸಿ, ಅವಳಿಗೆ ಹೇಳು ಎಂದಳು.

ಈಗ ಕನ್ನಡದಲ್ಲಿ ಹೇಳಬೇಕಾಗಿತ್ತು. ಹುಡುಗಿ ಎದ್ದು ನಿಂತಳು. ಅವಳು ನೆಲ ನೋಡಲಿಲ್ಲ, ನಮ್ಮ ಅತ್ತೆಯನ್ನು ನೋಡಿದಳು.

"ನಮ್ಮಜ್ಜಿ ಹೇಳ್ತಾಳ್ರಿ, ನೀವು ಹೇಳಿದ್ದು ಖರೇ ಐತಿ. ಆದ್ರ ಸಸಿ ಮಡ್ಯಾಗ ಭಾಳ ದಿನ ಇರಬಾರದು ಅಂತಾಳ. ಭಾಳ ದಿನ ಇದ್ರ ಬಲೀತೈತಿ. ಆಮ್ಯಾಲೆ ಹಚ್ಚಿದ್ರ ಮರಿ ಒಡೆಯಂಗಿಲ್ಲ, ಗುಂಪು ಆಗಂಗಿಲ್ಲ. ಅದಕ್ಕ ಹೊತ್ತಿಗೆ ಸರಿ ಕೀಳಬೇಕಂತ ರೀ. ಯಾವಾಗ ಕೀಳ್ತೀರಿ ಅಂತ ಅಕ್ಕೋರಿಗೆ ಕೇಳಾಕತ್ತಾಳ."

ನಿಮ್ಮ ಅವ್ವ ನನ್ನ ಸೀರೆ ಜಗ್ಗಿ, "ನಾ ಹೇಳಿದ್ನಿಲ್ಲ?" ಎಂದಳು. ಹುಡುಗಿಯ ಅಪ್ಪ ಬಾಯಿ ತೆರೆದುಕೊಂಡು ಮಗಳನ್ನೇ ನೋಡುತ್ತಿದ್ದ. ತಾನು ಅಷ್ಟು ವರ್ಷದಿಂದ ಆಡುತ್ತಿದ್ದ ಕನ್ನಡಕ್ಕಿಂತ ಅದು ಚೆನ್ನಾಗಿತ್ತು, ಅದು ಅವನಿಗೂ ತಿಳಿಯಿತು.

ಅಕ್ಕೋರು ಮುದುಕಿಯ ಹತ್ತಿರ ಬಂದು ಕುಳಿತರು. ಉತ್ತರವನ್ನು ಹುಡುಗಿಗೆ ಹೇಳಿದರು, ಹುಡುಗಿ ಅಜ್ಜಿಗೆ ಹೇಳಿದಳು. ಒಂದನೆಯ, ಎರಡನೆಯ ಇಯತ್ತೆಯಲ್ಲಿ ಎರಡೂ ಮಾತು. ಮೂರಕ್ಕೆ ಬರುವ ಹೊತ್ತಿಗೆ ಪಾಠ ಕನ್ನಡದಲ್ಲಿ, ತಿಳಿಯದೆ ಹೋದರೆ ಮಾತ್ರ ತೆಲುಗು. ಮುದುಕಿ ತಲೆಯಾಡಿಸಿದಳು. ಆಮೇಲೆ ಮಗನ ಕಡೆ ತಿರುಗಿ ತೆಲುಗಿನಲ್ಲಿ ಎರಡು ಮಾತು ಹೇಳಿದಳು. ಅದನ್ನು ಹುಡುಗಿ ಕನ್ನಡಕ್ಕೆ ತಿರುಗಿಸಲಿಲ್ಲ. ಆದರೆ ನನಗೆ ತಿಳಿಯಿತು. ಎಮ್ಮೆಯನ್ನು ನೀನೇ ಕಾಯಿ, ಎಂದಿದ್ದಳು.

ಮನೆಗೆ ಬರುವಾಗ ಅತ್ತೆ ಕೆಮ್ಮುತ್ತಿದ್ದರು. "ಮುಂದಿನ ಸಲ ನೀನ ಹೇಳು ಬೇ. ನಿನ್ನ ಮಾತು ಹೊತ್ತು ಹೊತ್ತು ನನ್ನ ಗಂಟಲು ಹೋತು" ಎಂದರು. ಸ್ವಲ್ಪ ದೂರ ನಡೆದ ಮೇಲೆ, ನನ್ನ ಕಡೆ ನೋಡದೆ, "ಚಲೋ ಹೇಳಿದಿ" ಎಂದರು. ನಮ್ಮ ಅತ್ತೆಯಿಂದ ಅಂಥ ಮಾತು ಕೇಳಿದವರು ಈ ಮನೆಯಲ್ಲಿ ನಾನೊಬ್ಬಳೇ ಎಂದು ನಿಮ್ಮ ತಾತ ಕೊನೆಯವರೆಗೂ ಹೇಳುತ್ತಿದ್ದರು.

ಹಬ್ಬ ಮುಗಿದ ಮೇಲೆ ಶಾಲೆ ತೆರೆದಾಗ ಆ ಹುಡುಗಿ ಎಲ್ಲರಿಗಿಂತ ಮೊದಲು ಬಂದು ಕುಳಿತಿದ್ದಳು. ಆಮೇಲೆ ಅಕ್ಕೋರಿಗೆ ಬೇರೆಯೇ ತೊಂದರೆ ಶುರುವಾಯಿತು. ಯಾರಿಗೆ ಪ್ರಶ್ನೆ ಕೇಳಿದರೂ ಅವಳೇ ಉತ್ತರ ಕೊಡುವಳು, ಅದೂ ಎರಡು ಮಾತಿನಲ್ಲಿ. "ಸ್ವಲ್ಪ ಸುಮ್ಮನೆ ಕೂಡವಾ, ಉಳದೋರೂ ಹೇಳ್ಲಿ" ಎಂದು ಅಕ್ಕೋರು ಬೇಡಿಕೊಳ್ಳುವುದನ್ನು ನಾನು ನೋಡಿದ್ದೇನೆ. ಮೂಕಿ ಎಂಬ ಹೆಸರು ತಾನಾಗಿಯೇ ಬಿದ್ದುಹೋಯಿತು.

ನಾನು ಮತ್ತೆ ಕೆಲವು ವರ್ಷ ಹೋಗುತ್ತಿದ್ದೆ. ತೊಂಬತ್ತರ ದಶಕ ಬಂದಾಗ ಅಕ್ಕೋರಿಗೆ ಮದುವೆಯಾಗಿ ಲಿಂಗಸೂಗೂರಿನ ಕಡೆಗೆ ವರ್ಗವಾಯಿತು. ಅಲ್ಲಿ ಕ್ಯಾಂಪು ಇಲ್ಲ, ಆದರೆ ತಾಂಡಾದ ಮಕ್ಕಳು ಇದ್ದರು, ಅವರ ಮನೆಯ ಮಾತು ಬೇರೆ. ನಾನು ತವರಿಗೆ ಹೋದಾಗ ಒಮ್ಮೆ ಅವರ ಶಾಲೆಯನ್ನು ನೋಡಿ ಬಂದೆ. ತಾಂಡಾದ ಒಬ್ಬ ಹೆಣ್ಣುಮಗಳು ಬಾಗಿಲ ಹತ್ತಿರ, ನಾನು ನಿಲ್ಲುತ್ತಿದ್ದಂತೆಯೇ ಸೆರಗು ಹಿಡಿದುಕೊಂಡು ನಿಂತು, ಮಕ್ಕಳಿಗೆ ತಮ್ಮ ಮಾತಿನಲ್ಲಿ ಹೇಳಿಕೊಡುತ್ತಿದ್ದಳು. ಅಕ್ಕೋರು ಅಲ್ಲಿ ಸೇರಿದ್ದ ತಾಯಂದಿರಿಗೆ ನನ್ನನ್ನು ತೋರಿಸಿ, ಸಸಿ ಮಡಿಯ ಮಾತು ಹೇಳಿದವರು ಇವರೇ ಎಂದರು. ಆ ಕಡೆಯವರು ಒಣಭೂಮಿಯವರು, ಸಸಿ ಮಡಿ ಎಂದರೇನು ಎಂದು ಕೇಳಿದರು. ಅತ್ತೆ ಜೊತೆಗಿರಲಿಲ್ಲ. ನಾನೇ ಹೇಳಿದೆ. ಕಳ್ಳರನ್ನು ಹಿಡಿದ ಕಥೆಯಿಂದಲೇ ಶುರು ಮಾಡಿದೆ. ಅವರೂ ನಕ್ಕರು. ನನ್ನ ದನಿ ಮೊದಲು ಸ್ವಲ್ಪ ನಡುಗಿತು, ಆಮೇಲೆ ನಡುಗಲಿಲ್ಲ.

ಆ ಹುಡುಗಿ ಏಳನೆಯದನ್ನು ಪಾಸು ಮಾಡಿ, ನಿಮ್ಮ ಅವ್ವನ ಜೊತೆಗೇ ಸಿಂಧನೂರಿನ ಹೈಸ್ಕೂಲಿಗೆ ಸೇರಿದಳು. ನನಗೆ ಸಿಗದೆ ಹೋದ ಬಸ್ಸನ್ನು ಇಬ್ಬರೂ ದಿನಾ ಹತ್ತುವುದನ್ನು ನಾನು ಗದ್ದೆಯಿಂದಲೇ ನೋಡುತ್ತಿದ್ದೆ. ಬಸ್ಸು ಹೋದ ಮೇಲೂ ಸ್ವಲ್ಪ ಹೊತ್ತು ನೋಡುತ್ತಿದ್ದೆ.

ಆ ವರ್ಷದ ನಾಟಿಯಲ್ಲಿ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ಮುದುಕಿಗೆ ಬಗ್ಗಲು ಆಗುತ್ತಿರಲಿಲ್ಲ. ಆದರೂ ಬಂದು ಬದುವಿನ ಮೇಲೆ ಕುಳಿತು ಎಲ್ಲರ ಸಾಲನ್ನೂ ನೋಡುತ್ತಿದ್ದಳು. ನಾನು ಹಗ್ಗದ ಹಿಂದೆ ಬಗ್ಗಿ ಸಸಿ ಊರುತ್ತ ಹೋಗುತ್ತಿದ್ದೆ. ಹಿಂದಿನಿಂದ ಅವಳ ದನಿ ಕೇಳಿತು.

"ಏ ಮುದಗಲ್ಲದಾಕಿ, ನಿನ್ನ ಸಾಲು ಸೊಟ್ಟ ಐತಿ."

ನಾನು ಸಸಿ ಹಿಡಿದ ಕೈಯಲ್ಲೇ ನೆಟ್ಟಗಾಗಿ ತಿರುಗಿ ನೋಡಿದೆ. ಅಷ್ಟು ವರ್ಷ ತೆಲುಗಿನಲ್ಲೇ ಬೈದವಳು, ಒಂದು ಅಕ್ಷರವೂ ತಪ್ಪದೆ ಕನ್ನಡದಲ್ಲಿ ಬೈದಿದ್ದಳು. ಎಲ್ಲಿ ಕಲಿತೆ ಎಂದು ತೆಲುಗಿನಲ್ಲಿ ಕೇಳಿದೆ. ಹೈಸ್ಕೂಲಿಗೆ ಹೋಗುವ ಮೊಮ್ಮಗಳು ದಿನಾ ಸಂಜೆ ಹೇಳಿಕೊಡುತ್ತಾಳೆ, ಸರಿಯಾಗಿ ಹೇಳದಿದ್ದರೆ ಊಟಕ್ಕೆ ಬಡಿಸುವುದಿಲ್ಲ, ಎಂದಳು. ನನ್ನ ಜೊತೆಗಿದ್ದವರೆಲ್ಲ ಕೆಸರಿನಲ್ಲೇ ನಿಂತು ನಕ್ಕರು. ಕನ್ನಡದಲ್ಲಿ ಬೈಸಿಕೊಂಡು ನಾನು ಅಷ್ಟು ಹಿಗ್ಗಿದ್ದು ಹಿಂದೆ ಇಲ್ಲ, ಮುಂದೆಯೂ ಇಲ್ಲ. ಆಮೇಲೆ ಹಿಂದಕ್ಕೆ ಬಂದು, ಸೊಟ್ಟಗಾಗಿದ್ದ ಸಸಿಗಳನ್ನು ಕಿತ್ತು, ಮತ್ತೆ ನೇರವಾಗಿ ಊರಿದೆ.